ಒಂಬತ್ತನೆಯ ಬಾಯಿ

ಜನವರಿ 9

ಮಾವ,

ನಾನು ಗೋಲಿ. ನಾಲ್ಕನೇ ವಯಸ್ಸಿನಲ್ಲಿ ಬೇರಿಂಗಿನ ಗೋಲಿ ನುಂಗಿ, ಅದು ಹೊರಗೆ ಬರುವವರೆಗೆ ಎರಡು ದಿನ ಅಂಗಡಿ ಮುಚ್ಚಿಸಿದ ನಿಮ್ಮ ಅಕ್ಕನ ಮಗಳು. ಈ ಹೆಸರು ಅಂಟಿಸಿದವರು ನೀವೇ, ಹಾಗಾಗಿ ಮರೆತೆ ಅನ್ನುವಂತಿಲ್ಲ. ನನಗೀಗ ಮೂವತ್ತಮೂರು. ಸೈಕಲ್ ಅಂಗಡಿ ನಾನೇ ನೋಡಿಕೊಳ್ಳುತ್ತಿದ್ದೇನೆ.

ಹೋದ ಆಗಸ್ಟಿನಲ್ಲಿ ಅಪ್ಪ ತೀರಿಕೊಂಡಾಗ ಅಮ್ಮ ನಿಮಗೆ ಕಾರ್ಡು ಹಾಕಿದ್ದಳು. ನೀವು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಕೂಡದು ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಾಳೆ, ಆದ್ದರಿಂದ ಕೇಳುತ್ತಿಲ್ಲ. ಫೋನು ಮಾಡೋಣವೆಂದರೆ ನಿಮಗೆ ಕಿವಿ ಮಂದವಂತೆ. ಕಾಗದವೇ ಗತಿ.

ವಿಷಯ ಇದು. ಹಿಂದಿನ ಕೋಣೆಯ ಅಟ್ಟ ಗುಡಿಸುವಾಗ, ಹರಿದ ಟ್ಯೂಬುಗಳ ರಾಶಿಯ ಹಿಂದೆ ಗೋಣಿ ಸುತ್ತಿದ ಒಂದು ಫ್ರೇಮು ಸಿಕ್ಕಿತು. ಬಣ್ಣ ಕಂಡಿಲ್ಲ, ದಪ್ಪಗೆ ಗ್ರೀಸು ಮೆತ್ತಿದ್ದಾರೆ. ಅಡಿಯಲ್ಲಿ ನಂಬರ್ ಇಲ್ಲ. ಮುಂದೆ ಅಂಗಡಿಯ ಹಿತ್ತಾಳೆ ಬಿಲ್ಲೆ ಇಲ್ಲ, ಬಿಲ್ಲೆ ಕೂರಿಸಲು ರಿವೆಟ್ಟಿನ ತೂತೂ ಇಲ್ಲ. ಯಾರದೆಂದು ಹೇಳುವ ಒಂದಕ್ಷರವೂ ಇಲ್ಲ.

ಗ್ರೀಸು ಒರೆಸುತ್ತಾ ಹೋದವಳು ಬಟ್ಟೆ ಕೆಳಗಿಟ್ಟು ಬೆರಳಿಂದಲೇ ನೋಡತೊಡಗಿದೆ, ಮಾವ. ಹತ್ತು ವರ್ಷದಿಂದ ದಿನಾ ಫ್ರೇಮು ಮುಟ್ಟುವವಳು ನಾನು. ಎರಡು ಕೊಳವೆ ಸೇರುವಲ್ಲಿ ಕೂರುವ ಉಕ್ಕಿನ ತೋಳು ಇದೆಯಲ್ಲ, ಲಗ್, ಅದರ ಅಂಚನ್ನು ಎಷ್ಟು ತೆಳ್ಳಗೆ ಉಜ್ಜಿದ್ದಾರೆಂದರೆ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಲಗ್ ಎಲ್ಲಿ ಮುಗಿಯಿತು, ಕೊಳವೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಪೆಡಲ್ ಅಚ್ಚು ಕೂರುವ ಕೊಳವೆಯ ಒಳಗೆ ಹಲ್ಲಿನ ಡಾಕ್ಟರ ಕನ್ನಡಿ ಹಾಕಿ ನೋಡಿದೆ. ಯಾರೂ ಯಾವತ್ತೂ ನೋಡದ ಆ ಕತ್ತಲೆಯಲ್ಲೂ ಅರ ಹಾಕಿ ನಯ ಮಾಡಿದ್ದಾರೆ. ಯಾರಿಗಾಗಿ ಮಾಡಿದರೋ!

ಒಂದು ತೊಂದರೆ ಇದೆ. ಮುಂಚಕ್ರ ಹಿಡಿಯುವ ಫೋರ್ಕಿನ ಎಡಗಾಲು ಮೇಲೆ ಸೇರುವಲ್ಲಿ ಕೂದಲೆಳೆಯಂಥ ಬಿರುಕು. ಸರಿಮಾಡಬೇಕಾದರೆ ಒಳಗಿರುವುದು ಹಿತ್ತಾಳೆ ಬೆಸುಗೆಯೋ ಬೆಳ್ಳಿ ಬೆಸುಗೆಯೋ ತಿಳಿಯಬೇಕು. ತಪ್ಪು ಶಾಖ ಕೊಟ್ಟರೆ ಕೊಳವೆ ಸತ್ತುಹೋಗುತ್ತದೆ. ಮಾಡಿದವರು ಯಾರೆಂದು ಗೊತ್ತಾದರೆ ಅದೂ ಗೊತ್ತಾಗುತ್ತದೆ.

ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಅಪ್ಪ ಜೀವಮಾನವೆಲ್ಲ ಫ್ರೇಮು ಕಟ್ಟಿದರು, ಎಲ್ಲವೂ ಯಾರ್ಯಾರದೋ ಮನೆ ಸೇರಿದವು. ತಾವು ಓಡಿಸುತ್ತಿದ್ದದ್ದನ್ನೂ ಯಾರೋ ಕೇಳಿದರೆಂದು ಕೊಟ್ಟುಬಿಟ್ಟರು. ಅವರ ಕೈಯದು ಅನ್ನುವಂಥದ್ದು ಒಂದೂ ನಮ್ಮಲ್ಲಿ ಉಳಿದಿಲ್ಲ. ಇದು ಅವರದಾಗಿರಲಿ ಅಂತ ನನಗೆ ಆಸೆ. ಅವರ ಕೆಲಸ ಪಕ್ಕದಲ್ಲಿ ನಿಂತು ನೋಡಿದವರು ನೀವೊಬ್ಬರೇ ಉಳಿದಿರುವುದು.

ನಿಮ್ಮ
ಗೋಲಿ


ಫೆಬ್ರವರಿ 2

ಗೋಲಿ,

ಕಾಗದ ಬಂತು. ಇಪ್ಪತ್ತಾರು ವರ್ಷದ ಮೇಲೆ ಆ ಅಂಗಡಿಯಿಂದ ಒಂದು ಕಾಗದ, ಅದರಲ್ಲೂ ಫ್ರೇಮಿನ ವಿಚಾರ. ನಾನು ಸೈಕಲ್ ಕೆಲಸ ಬಿಟ್ಟು ಬಂದವನು. ಆಮೇಲೆ ಕಾರ್ಖಾನೆಯಲ್ಲಿ ಆಸ್ಪತ್ರೆ ಮಂಚಗಳಿಗೆ ಬೆಸುಗೆ ಹಾಕಿದೆ. ಎಷ್ಟೋ ಜನ ನನ್ನ ಬೆಸುಗೆಯ ಮೇಲೆ ಮಲಗಿ ಎದ್ದುಹೋದರು, ಕೆಲವರು ಏಳಲಿಲ್ಲ. ಈಗ ಅದೂ ಇಲ್ಲ. ದರ್ಜಿ ಅಂಗಡಿಯ ಮೇಲೊಂದು ಕೋಣೆ, ಕೆಳಗಿನ ಮಿಷನ್ನಿನ ಸದ್ದು, ಅಷ್ಟೇ.

ಕಣ್ಣು ಮುಚ್ಚಿ ಬೆರಳಾಡಿಸಿದೆ ಅಂದೆಯಲ್ಲ, ಈಗ ಕಣ್ಣು ಬಿಟ್ಟು ನೋಡು. ಫ್ರೇಮು ಸುಳ್ಳು ಹೇಳುವುದಿಲ್ಲ, ನೋಡುವವರು ಆಸೆ ಇಟ್ಟುಕೊಂಡು ನೋಡಿದರೆ ಮಾತ್ರ ಮೋಸ ಹೋಗುತ್ತಾರೆ.

ಮೊದಲು ಹಿಂಚಕ್ರ ಕೂರುವ ತಗಡನ್ನು ನೋಡು. ಅಚ್ಚಿನಲ್ಲಿ ಬಂದದ್ದೋ, ಕೈಯಲ್ಲಿ ಕೊಯ್ದದ್ದೋ? ಆಮೇಲೆ ಲಗ್ಗಿನ ಅಂಚು. ಕೊಳವೆ ಒಳಗೆ ಹೋಗುವ ಆ ಅಂಚಿಗೆ ನಾವು ಬಾಯಿ ಅನ್ನುತ್ತಿದ್ದೆವು. ಒಂದು ಫ್ರೇಮಿಗೆ, ಫೋರ್ಕೂ ಸೇರಿ, ಒಂಬತ್ತು ಬಾಯಿ. ಭೂತಗನ್ನಡಿ ಹಿಡಿದು ಬಾಯಿಯ ಸುತ್ತ ಅರದ ಗೆರೆ ಯಾವ ಕಡೆಗೆ ವಾಲಿದೆ ನೋಡು. ನೀನೇ ಒಂದು ಕಬ್ಬಿಣದ ತುಂಡು ಉಜ್ಜಿ ಪಕ್ಕದಲ್ಲಿಟ್ಟುಕೋ. ಬಿರುಕು ನೆಟ್ಟಗಿದೆಯೋ, ಬಾಯಿಯ ಅಂಚನ್ನೇ ಹಿಡಿದು ಸುತ್ತುತ್ತದೆಯೋ ಅದನ್ನೂ ಬರೆ. ಬೆಂಕಿ ಮಾತ್ರ ತೋರಿಸಬೇಡ.

ಅಕ್ಕ ಹೇಗಿದ್ದಾಳೆ ಅಂತ ನಾನೂ ಕೇಳುತ್ತಿಲ್ಲ.

ನಿನ್ನ ಮಾವ


ಫೆಬ್ರವರಿ 20

ಮಾವ,

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು, ಬಾಯಿಗೇನೂ ಆಗಿಲ್ಲ. ನೀವು ಕೇಳದಿದ್ದರೂ ಹೇಳುತ್ತಿದ್ದೇನೆ. ನಿಮ್ಮ ಅಕ್ಷರ ಯಾಕೆ ಹಾಗೆ ಓಲಾಡುತ್ತದೆ? ಬಸ್ಸಿನಲ್ಲಿ ಕೂತು ಬರೆದಿರೇನು?

ಹಿಂದಿನ ತಗಡು ಕೈಯಲ್ಲೇ ಕೊಯ್ದದ್ದು. ಗರಗಸದ ಗುರುತು ಒಳಮೈಯಲ್ಲಿ ಇನ್ನೂ ಇದೆ. ಹಾಗಾದರೆ ಕಾರ್ಖಾನೆಯ ಮಾಲಲ್ಲ ಅಂತ ಕುಣಿದಾಡಿದೆ. ಆ ಖುಷಿ ಹತ್ತು ನಿಮಿಷವೂ ಉಳಿಯಲಿಲ್ಲ. ನಾನು ಬಲಗೈಯಲ್ಲಿ ಒಂದು ತುಂಡು ಉಜ್ಜಿ ಪಕ್ಕದಲ್ಲಿಟ್ಟೆ. ನನ್ನ ಗೆರೆಗಳೂ ಫ್ರೇಮಿನವೂ ವಿರುದ್ಧ ದಿಕ್ಕಿಗೆ ವಾಲಿದ್ದವು. ಒಂದೊಂದೇ ಬಾಯಿ ನೋಡುತ್ತಾ ಹೋದೆ, ಎಲ್ಲ ಹಾಗೆಯೇ. ಇದನ್ನು ಮಾಡಿದವರು ಎಡಚರು. ಅಪ್ಪ ಬಲಗೈಯವರು. ಅಲ್ಲಿಗೆ ನನ್ನ ಆಸೆ ಮುಗಿಯಿತು. ಅವತ್ತು ಊಟ ಸೇರಲಿಲ್ಲ.

ಇನ್ನೊಂದು ವಿಚಿತ್ರ. ಪ್ರತಿ ಬಾಯಿಯ ಚೂಪಾದ ತುದಿಯ ಕೆಳಗೆ, ಒಂದೇ ಪಕ್ಕಕ್ಕೆ, ಉಗುರೊತ್ತಿದಂಥ ಸಣ್ಣ ಕಚ್ಚು ಇದೆ. ಇಷ್ಟು ಅಚ್ಚುಕಟ್ಟಾಗಿ ಮಾಡಿದವರು ಆ ತಪ್ಪನ್ನು ಯಾಕೆ ಬಿಟ್ಟರು?

ಬಿರುಕು ನೆಟ್ಟಗಿಲ್ಲ, ಬಾಯಿಯ ಅಂಚನ್ನೇ ಹಿಡಿದು ಪೂರ್ತಿ ಸುತ್ತುತ್ತದೆ. ಆ ಬಾಯಿ ಮಾತ್ರ ಮಿಕ್ಕವುಗಳಂತೆ ತೆಳ್ಳಗಿಲ್ಲ, ಒರಟು; ಅರದ ಗೆರೆಯಾಗಲಿ ಕಚ್ಚಾಗಲಿ ಇಲ್ಲ. ಪಕ್ಕದಲ್ಲಿ ಗುಂಡುಸೂಜಿಯ ತಲೆಯಷ್ಟು ಒಂದು ಚುಕ್ಕೆ.

ನಿಮ್ಮ
ಗೋಲಿ


ಮಾರ್ಚ್ 30

ಗೋಲಿ,

ಒಂದು ತಿಂಗಳ ಮೇಲಾಯಿತು, ಬೇಕೆಂದೇ ತಡ ಮಾಡಿದೆ. ನಿನ್ನ ಕಾಗದವನ್ನು ಮಡಿಸಿ ದಿಂಬಿನ ಕೆಳಗಿಟ್ಟೆ, ತೆಗೆದು ಓದಿದೆ, ಮತ್ತೆ ಇಟ್ಟೆ.

ಆ ಕಚ್ಚು ನನ್ನದು.

ನಾನು ಎಡಚ. ಅರ ಮುಂದಕ್ಕೆ ತಳ್ಳಿ ಕೊನೆ ಮುಟ್ಟುವಾಗ ನನ್ನ ಮಣಿಕಟ್ಟು ಒಂದು ಕೂದಲಷ್ಟು ತಿರುಗುತ್ತಿತ್ತು, ಅರದ ಮೂಲೆ ಅಲ್ಲಿ ಕಚ್ಚುತ್ತಿತ್ತು. ಹದಿನೆಂಟು ವರ್ಷ ಆ ಅಂಗಡಿಯಲ್ಲಿದ್ದೆ. ಏನೆಲ್ಲ ಮಾಡಿದರೂ ಆ ಚಾಳಿ ಬಿಡಲಿಲ್ಲ. ಕೊನೆಗೆ ನನಗೆ ಅದೇ ಪ್ರೀತಿಯಾಯಿತು. ರಸ್ತೆಯಲ್ಲಿ ಯಾವುದಾದರೂ ಸೈಕಲ್ ನಿಂತಿದ್ದರೆ ಬಗ್ಗಿ ಬೆರಳಿಡುತ್ತಿದ್ದೆ. ಕಚ್ಚು ಸಿಕ್ಕರೆ, ಓಹೋ, ನಾನು.

ನಮ್ಮಲ್ಲಿ ಒಂದು ಕಟ್ಟುನಿಟ್ಟಿತ್ತು. ಒಂದು ಫ್ರೇಮಿಗೆ ಒಂದೇ ಕೈ. ನಿಮ್ಮಪ್ಪ ಶುರುಮಾಡಿದ್ದು ಅವರೇ ಮುಗಿಸಬೇಕು, ನನ್ನದು ನಾನೇ. ಆ ನಿಯಮ ಮಾಡಿದ್ದೂ ನಿಮ್ಮಪ್ಪನೇ. ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ನಾನು ಮುಗಿಸಿಟ್ಟಿದ್ದ ಫ್ರೇಮಿನಲ್ಲಿ ಕಚ್ಚುಗಳೇ ಇಲ್ಲ. ಹಿತ್ತಾಳೆ ತುಂಬಿ, ಉಜ್ಜಿ, ನೀಟಾಗಿ ಬಿಲ್ಲೆ ಹೊಡೆದಿದ್ದಾರೆ. "ಭಾವ, ಇದನ್ನ ಮುಟ್ಟಿದ್ದು ಯಾರು?" ಅಂದೆ. "ತಪ್ಪು ಕಾಣ್ತಿತ್ತು, ತಿದ್ದಿದೆ. ಅಷ್ಟಕ್ಕೆ ಮುಖ ಊದಿಸ್ಕೋತಾರಾ?" ಅಂದರು. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೊರಟುಬಂದೆ. ಅಕ್ಕ ಬೀದಿಯ ತುದಿಯವರೆಗೆ ಹಿಂದೆಯೇ ಬಂದಳು. ತಿರುಗಿ ನೋಡಲಿಲ್ಲ.

ಆಗ ನನ್ನ ವೈಸಿನಲ್ಲಿ, ಬೆಂಚಿನ ಕಬ್ಬಿಣದ ಹಿಡಿಕೆಯಲ್ಲಿ, ಇನ್ನೊಂದು ಫ್ರೇಮು ಇತ್ತು. ದಿನಕ್ಕೊಂದು ಬಾಯಿಯಂತೆ ಮೂರು ದಿನ, ಮೂರು ಬಾಯಿ ಆಗಿತ್ತು. ಅದನ್ನು ಗುಜರಿಗೆ ಎಸೆದಿರುತ್ತಾರೆ ಅಂತಲೇ ಇಷ್ಟು ವರ್ಷ ನಂಬಿಕೊಂಡು ಬಂದೆ. ಆಗಸ್ಟಿನಲ್ಲಿ ಬರದೆ ಇದ್ದದ್ದಕ್ಕೂ ಅದೇ ಕಾರಣ. ನೀನು ಕೇಳಲಿಲ್ಲ, ನಾನು ಹೇಳಿದೆ.

ನಿನ್ನ ಬಿರುಕು ಬಿರುಕಲ್ಲ. ಬಿರುಕು ಯಾವತ್ತೂ ಅಂಚಿನ ಲೆಕ್ಕ ಹಿಡಿದು ಸುತ್ತುವುದಿಲ್ಲ. ಅದು ಬೆಸುಗೆಯೇ ಹಾಕದ ಬಾಯಿ. ಆ ಚುಕ್ಕೆ, ಕೊಳವೆ ಅಲುಗಾಡದಿರಲಿ ಅಂತ ಹೊಡೆದ ಪಿನ್ನು. ಅರ್ಧಕ್ಕೆ ನಿಂತ ಕೆಲಸ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಅದು ನಾನು ಬಿಟ್ಟುಬಂದ ಫ್ರೇಮು. ಎಸೆಯದೆ ಗೋಣಿ ಸುತ್ತಿ ಇಟ್ಟಿದ್ದಾರೆ, ಅಷ್ಟರಮಟ್ಟಿಗೆ ದೊಡ್ಡ ಮನುಷ್ಯ. ನಿನ್ನ ಆಸೆ ಕೆಡಿಸಿದ್ದಕ್ಕೆ ಬೇಜಾರಿದೆ. ಆದರೆ ಅಷ್ಟು ಚೆನ್ನಾಗಿದೆ ಅಂದೆಯಲ್ಲ, ಆ ಸಾಲನ್ನು ನಾನು ನಾಲ್ಕು ಸಲ ಓದಿದೆ.

ನಿನ್ನ ಮಾವ


ಏಪ್ರಿಲ್ 4

ಮಾವ,

ನಿಮ್ಮ ಕಾಗದ ಓದಿ ಅತ್ತೆ. ಅತ್ತು ಮುಗಿದ ಮೇಲೆ ಎಣಿಸಿದೆ.

ಮೂರು ಬಾಯಿ ಅಂದಿರಿ. ಫ್ರೇಮಿನಲ್ಲಿ ಬೆಸುಗೆಯಾಗಿ, ಅರ ಹಾಕಿ, ಕಚ್ಚು ಬಿದ್ದಿರುವ ಬಾಯಿಗಳು ಎಂಟು. ಖಾಲಿ ಇರುವುದು ಒಂದೇ. ಮೂರು ಸಲ ಎಣಿಸಿದೆ, ಸೀಮೆಸುಣ್ಣದಲ್ಲಿ ನಂಬರ್ ಹಾಕಿ ಎಣಿಸಿದೆ. ಐದು ಹೆಚ್ಚಿವೆ.

ನಿಮಗೆ ಮರೆತಿರಬಹುದೇ?

ಗೋಲಿ


ಏಪ್ರಿಲ್ 19

ಗೋಲಿ,

ಬೆಳಿಗ್ಗೆ ಏನು ತಿಂದೆ ಅನ್ನುವುದು ಮರೆತೀತು. ಆ ಮೂರು ದಿನ ಮರೆಯುವುದಿಲ್ಲ. ಯಾವ ಮೂರು ಅಂದರೆ ಹೇಳಲಾರೆ. ಒಮ್ಮೆ ಹ್ಯಾಂಡಲ್ ಕಡೆಯಿಂದ, ಒಮ್ಮೆ ಪೆಡಲ್ ಕಡೆಯಿಂದ, ಮನಸ್ಸು ಬಂದಲ್ಲಿಂದ ಶುರುಮಾಡುವವನು ನಾನು. ಅದಕ್ಕೂ ನಿಮ್ಮಪ್ಪನಿಂದ ಬೈಸಿಕೊಂಡಿದ್ದೇನೆ. ಆದರೆ ಮೂರೇ. ಎಲ್ಲಿ ಬೇಕಾದರೂ ಆಣೆ ಮಾಡುತ್ತೇನೆ.

ಹಾಗಾದರೆ ನಾನು ಹೊರಟುಬಂದ ಮೇಲೆ ಇನ್ನೊಬ್ಬ ಎಡಚನನ್ನು ತಂದು ನನ್ನ ಜಾಗದಲ್ಲಿ ನಿಲ್ಲಿಸಿದರು. ನನ್ನ ಕಚ್ಚನ್ನೂ ಅವನಿಗೆ ಕಲಿಸಿದರು. ನನ್ನದನ್ನು ತಪ್ಪು ಅಂದವರು! ಯಾರವನು? ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಪಡುವುದು ನಗೆಪಾಟಲು, ಗೊತ್ತು. ಆದರೂ ಎರಡು ವಾರದಿಂದ ನನಗೆ ಸಮಾಧಾನವಿಲ್ಲ. ಅಕ್ಕನನ್ನು ಕೇಳು. ಅಂಗಡಿಯ ಮಾತು ಅಡುಗೆಮನೆಗೆ ತರಬೇಡ ಅನ್ನುತ್ತಾಳೆ. ಕೇಳು, ಬಿಡಬೇಡ.

ಮಾವ


ಮೇ 11

ಮಾವ,

ಕೂತುಕೊಂಡು ಓದಿ.

ಅಮ್ಮನನ್ನು ಕೇಳಿದೆ. ನೀವು ಹೋದಮೇಲೆ ಅಂಗಡಿಯಲ್ಲಿ ಎಡಗೈಯವರು ಯಾರಿದ್ದರು ಅಂದೆ. ಯಾರೂ ಇರಲಿಲ್ಲ, ನಿಮ್ಮಪ್ಪ ಯಾರನ್ನೂ ಇಟ್ಟುಕೊಳ್ಳಲೇ ಇಲ್ಲ ಅಂದಳು. ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು ಹೇಳಿದಳು: "ಆದ್ರೆ ಆಗ ಎರಡು ವರ್ಷ ನಿಮ್ಮಪ್ಪ ಎಡಗೈಲಿ ಗಡ್ಡ ಕೆರ್ಕೋತಿದ್ರು. ಮುಖ ಪೂರ್ತಿ ಗಾಯ. ಶರ್ಟಿನ ಗುಂಡಿನೂ ಎಡಗೈಲೇ ಹಾಕ್ಕೊಳೋರು, ಅರ್ಧ ಗಂಟೆ. ಬಲಗೈಗೇನೋ ಆಗಿದೆ, ಹೇಳ್ತಿಲ್ಲ ಅಂತ ನಾನು ಹೆದರಿಬಿಟ್ಟಿದ್ದೆ. ಕೇಳಿದ್ರೆ, ಸುಮ್ನೆ ಕಣೇ, ಅಂದ್ರು."

ನಾನು ಅಲ್ಲಿಂದ ನೇರ ಅಂಗಡಿಗೆ ಹೋಗಿ ಅಪ್ಪನ ಬೆಂಚು ಎಳೆದೆ. ಗೋಡೆಗೆ ಒತ್ತಿಕೊಂಡು ಒಂದು ಹಳೆಯ ಗ್ರೀಸಿನ ಡಬ್ಬ ಇತ್ತು. ತುಕ್ಕು ಹಿಡಿದು ಮುಚ್ಚಳ ಬರಲಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದೆ. ಒಳಗೆ ಬರೀ ಲಗ್ಗುಗಳು. ಇಪ್ಪತ್ಮೂರು. ಒಂದೊಂದರ ಒಳಮೈಯಲ್ಲಿ ಸೂಜಿಮೊನೆಯಿಂದ ತಾರೀಕು ಗೀಚಿದ್ದಾರೆ. ಅಪ್ಪನ ಅಂಕಿ ಮಾವ, ಏಳಕ್ಕೆ ಹೊಟ್ಟೆಯಲ್ಲಿ ಅಡ್ಡಗೆರೆ ಹಾಕುತ್ತಿದ್ದರಲ್ಲ, ಅದೇ.

ಬೆಂಚಿನ ಮೇಲೆ ತಾರೀಕಿನ ಪ್ರಕಾರ ಸಾಲಾಗಿ ಇಟ್ಟೆ. ಮೊದಲನೆಯದು ನೀವು ಹೋಗಿ ಎರಡು ತಿಂಗಳಿಗೆ ಮಾಡಿದ್ದು. ಇಲಿ ಕಡಿದ ಹಾಗಿದೆ. ಎರಡನೆಯದು, ಮೂರನೆಯದು ಇನ್ನೂ ಕಡೆ. ಏಳನೆಯದರಲ್ಲಿ ಅರ ಜಾರಿ ಆಳವಾಗಿ ಸೀಳಿದೆ, ಆಮೇಲೆ ಮೂರು ತಿಂಗಳು ತಾರೀಕೇ ಇಲ್ಲ. ಹನ್ನೆರಡರ ಹೊತ್ತಿಗೆ ಗೆರೆ ಒಂದು ಕಡೆಗೆ ವಾಲಿ ನಿಲ್ಲುತ್ತದೆ. ಹದಿನೇಳನೆಯದು ಅಂಗಡಿಯಲ್ಲಿಟ್ಟು ತೋರಿಸುವಂತಿದೆ. ಎಡಗೈ ಪಳಗಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು ತಾನೇ? ಹದಿನೆಂಟರಿಂದ ಕಚ್ಚು ಶುರುವಾಗುತ್ತದೆ.

ಆ ಕಚ್ಚೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿದೆ ಮಾವ. ಒಂದರಲ್ಲಿ ತೀರ ಆಳ, ಇನ್ನೊಂದರಲ್ಲಿ ನೆಟ್ಟಗೆ ಕೊರೆದ ಹಾಗೆ, ಮತ್ತೊಂದರಲ್ಲಿ ಜಾಗ ತಪ್ಪಿದೆ. ತಪ್ಪನ್ನೇ ಕಾಣಲಾರದ ಮನುಷ್ಯ ಕೂತು ನಿಮ್ಮ ತಪ್ಪನ್ನು ಆರು ಸಲ ಅಭ್ಯಾಸ ಮಾಡಿದ್ದಾರೆ. ಇಪ್ಪತ್ಮೂರನೆಯದನ್ನೂ ಫ್ರೇಮನ್ನೂ ಅಕ್ಕಪಕ್ಕ ಹಿಡಿದು ನೋಡಿದೆ. ಎರಡೂ ಒಂದೇ.

ಒಂದು ಫ್ರೇಮಿಗೆ ಒಂದೇ ಕೈ. ನಿಯಮ ಮುರಿದಿದ್ದು ಅವರೇ, ಆದ್ದರಿಂದ ಅವರು ತಮ್ಮ ಕೈಯನ್ನೇ ನಿಮ್ಮ ಕೈ ಮಾಡಿಕೊಂಡು ನಿಮ್ಮ ಫ್ರೇಮನ್ನು ಮುಗಿಸಿದ್ದಾರೆ. ಬಿಲ್ಲೆ ಹೊಡೆಯಲಿಲ್ಲ, ಅದು ಅವರದಾಗಿರಲಿಲ್ಲ. ಒಂಬತ್ತನೆಯ ಬಾಯಿಯನ್ನು ಪಿನ್ನು ಹೊಡೆದು ನಿಮಗೆ ಬಿಟ್ಟರು. ಬಾ ಅಂತ ಒಂದು ಕಾರ್ಡು ಬರೆದಿದ್ದರೆ ಆಗುತ್ತಿತ್ತು. ಅದೊಂದು ಅವರ ಕೈಯಲ್ಲಿ ಆಗಲಿಲ್ಲ, ಬಲಗೈಯಲ್ಲೂ ಇಲ್ಲ, ಎಡಗೈಯಲ್ಲೂ ಇಲ್ಲ.

ಅಪ್ಪನ ಕೈಯದು ಒಂದಾದರೂ ಉಳಿಯಲಿ ಅಂದಿದ್ದೆ. ಐದು ಉಳಿದಿವೆ. ಇಡೀ ಜೀವಮಾನದಲ್ಲಿ ಅವರು ಇಷ್ಟು ಕಷ್ಟಪಟ್ಟು ಏನನ್ನೂ ಮಾಡಿರಲಿಕ್ಕಿಲ್ಲ. ಬನ್ನಿ ಮಾವ, ಒಂಬತ್ತನೆಯದು ಕಾಯುತ್ತಿದೆ.

ನಿಮ್ಮ
ಗೋಲಿ


ಮೇ 27

ಗೋಲಿ,

ಜೂನ್ 8ರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಬಸ್ಸಿನಲ್ಲಿ ಕೂತು ಬರೆದಿರೇನು ಅಂತ ಕೇಳಿದ್ದೆಯಲ್ಲ, ಇಲ್ಲ. ಎರಡು ವರ್ಷದಿಂದ ಎಡಗೈ ನಡುಗುತ್ತದೆ. ಬೆಂಕಿ ನೀನು ಹಿಡಿಯಬೇಕು. ಅಕ್ಕನಿಗೆ ಮೊದಲೇ ಹೇಳಬೇಡ, ಅಡುಗೆಮನೆಯ ಕಿಟಕಿಯಲ್ಲಿ ಕಾದು ನಿಲ್ಲುತ್ತಾಳೆ.

ಮಾವ


ಜೂನ್ 21

ಗೋಲಿ,

ಕೋಣೆಗೆ ಬಂದು ತಲುಪಿ ಹತ್ತು ದಿನವಾಯಿತು. ದರ್ಜಿ ನನ್ನ ಮುಖ ನೋಡಿ, ಏನ್ ಯಜಮಾನ್ರೇ, ವಯಸ್ಸು ಕಮ್ಮಿ ಆದಂಗಿದೆ, ಅಂದ. ಅವನ ಕಣ್ಣು ಸರಿಯಿಲ್ಲ, ನನ್ನ ಪ್ಯಾಂಟಿನ ಅಳತೆಯೂ ಯಾವಾಗಲೂ ತಪ್ಪೇ.

ಇಪ್ಪತ್ತಾರು ವರ್ಷದ ಮೇಲೆ ಬಾಗಿಲಲ್ಲಿ ನಿಂತರೆ ಅಕ್ಕ ಏನಾದರೂ ಅಂದಾಳು, ಬೈದಾಳು ಅಂತ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಅವಳು ನನ್ನ ಕಾಲು ನೋಡಿ, "ಚಪ್ಪಲಿ ಒಳಗೆ ಬಿಡು, ನಾಯಿ ಎತ್ಕೊಂಡು ಹೋಗತ್ತೆ" ಅಂದಳು. ನಾನು ಚಪ್ಪಲಿ ಎತ್ತಿ ಒಳಗಿಟ್ಟೆ. ನೀನು ಅವಳಿಗೆ ಮೊದಲೇ ಹೇಳಿದ್ದೆ ಅನ್ನುವುದೂ ಗೊತ್ತಾಯಿತು. ನನಗೆ ಇಷ್ಟ ಅಂತ ಬಟ್ಟಲಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿ ಚಹಾ ಆರಿಸಿಟ್ಟಿದ್ದಳು.

ಒಂಬತ್ತನೆಯ ಬಾಯಿ ಚೆನ್ನಾಗಿ ಬಂತು. ನೀನು ಬೆಂಕಿ ಹಿಡಿಯುವ ರೀತಿ ಭಾವನದೇ, ಉರಿಯನ್ನು ಹತ್ತಿರ ತರದೆ ಸುತ್ತಲೂ ಸುಳಿಸಿ ಸುಳಿಸಿ. ಹಿತ್ತಾಳೆ ಕರಗಿ ಒಳಗೆ ಹರಿದು ಆ ಕಡೆ ಅಂಚಿನಲ್ಲಿ ಹಳದಿ ಎಳೆಯಾಗಿ ಇಣುಕಿತಲ್ಲ, ಆಗ ನಾನು ಉಸಿರು ಬಿಟ್ಟೆ. ಮಾರನೇ ದಿನ ಅರ ಹಿಡಿದೆ. ನಡುಗುವ ಕೈಯ ಮಣಿಕಟ್ಟನ್ನು ನೀನು ಹಿಡಿದುಕೊಂಡೆ. ಮೂರು ಗಂಟೆ ಕೆಲಸ. ಕೊನೆಯ ಸಲ ಅರ ತಳ್ಳಿದಾಗ ಕಚ್ಚು ತಾನಾಗಿ ಬಿತ್ತು, ನಾವಿಬ್ಬರೂ ಬೀಳಿಸಿದ್ದಲ್ಲ.

ಆಮೇಲೆ ನೀನು ಕೇಳಿದೆ, ಮಿಕ್ಕ ಎಂಟರಲ್ಲಿ ನಿಮ್ಮ ಮೂರು ಯಾವುವು ಮಾವ ಅಂತ. ನಾನು ಭೂತಗನ್ನಡಿ ಹಿಡಿದು ಇಡೀ ಮಧ್ಯಾಹ್ನ ನೋಡಿದೆ. ಕೊನೆಗೆ ಇದು, ಇದು, ಇದು ಅಂತ ಬೆರಳಿಟ್ಟು ತೋರಿಸಿದೆ. ನೀನು ಉಳಿದ ಐದನ್ನು ಒಂದೊಂದಾಗಿ ಮುಟ್ಟಿ, ಇವು ಅಪ್ಪನವು ಅಂದೆ. ನಾನು ಹೌದು ಅಂದೆ.

ಗೋಲಿ, ಅದು ಸುಳ್ಳು. ಕೈಗೆ ಸಿಕ್ಕ ಮೂರನ್ನು ತೋರಿಸಿದೆ. ನನಗೆ ಗೊತ್ತಾಗಲಿಲ್ಲ. ನನ್ನ ಕೈ ನನಗೆ ಗುರುತು ಸಿಗಲಿಲ್ಲ. ಎಂಟು ಬಾಯಿಗಳಲ್ಲಿ ಒಂದರ ಮೇಲೂ ಬೆರಳಿಟ್ಟು, ಓಹೋ, ನಾನು, ಅನ್ನಲು ಆಗಲಿಲ್ಲ. ಅನ್ನಬಹುದಾಗಿದ್ದರೆ ಎಂಟಕ್ಕೂ ಅನ್ನಬೇಕಿತ್ತು.

ಹದಿನೆಂಟು ವರ್ಷ ಪಕ್ಕದ ವೈಸಿನಲ್ಲಿ ನಿಂತಿದ್ದವರು. ತಲೆಯೆತ್ತಿ ನನ್ನ ಕಡೆ ನೋಡಿದ್ದನ್ನು ನಾನು ಕಂಡವನಲ್ಲ. ನನ್ನ ಕೈಯನ್ನು ಅಷ್ಟು ನೋಡಿದ್ದರು ಅಂತ ನನಗೆ ಗೊತ್ತಿರಲಿಲ್ಲ. ನಾನು ಅವರ ಕೈಯನ್ನು ಅಷ್ಟು ನೋಡಲಿಲ್ಲ. ಬಸ್ಸಿನಲ್ಲಿ ಬರುವಾಗ ಇದು ಹೊಳೆದು, ಪಕ್ಕದಲ್ಲಿ ಕೂತ ಹೆಂಗಸು ನೀರಿನ ಬಾಟಲಿ ಕೊಡುವಷ್ಟು ಅತ್ತುಬಿಟ್ಟೆ.

ಅದಕ್ಕೇ ನಾನು ತೋರಿಸಿದ್ದನ್ನು ನಂಬಬೇಡ. ಎಲ್ಲವನ್ನೂ ಅಪ್ಪನದು ಅಂದುಕೊಂಡು ಮುಟ್ಟು, ಎಲ್ಲವನ್ನೂ ಮಾವನದು ಅಂದುಕೊಂಡು ಮುಟ್ಟು. ಬಿಲ್ಲೆ ಹೊಡೆಯಬೇಡ. ಬಣ್ಣ ತೆಳ್ಳಗಿರಲಿ, ಕಚ್ಚು ತುಂಬಿಹೋಗದ ಹಾಗೆ. ಚಕ್ರ ಹಾಕಿ ನೀನೇ ಓಡಿಸು, ಯಾರು ಕೇಳಿದರೂ ಕೊಡಬೇಡ.

ಮುಂದಿನ ತಿಂಗಳು ಮತ್ತೆ ಬರುತ್ತೇನೆ. ಚಪ್ಪಲಿ ಒಳಗೇ ಬಿಡುತ್ತೇನೆ ಅಂತ ಅಕ್ಕನಿಗೆ ಹೇಳು.

ನಿನ್ನ ಮಾವ